ಮೊದಲು ಕರೆಯೋದು ಕಲಿತೆ, ವ್ಯಾಕರಣ ಆಮೇಲೆ

ಫಿಲಿಪ್ಪೀನ್ಸ್‌ನ ಸೆಬು ನಗರದಲ್ಲಿ ಮೆಸ್ ನಡೆಸುವವರಿಗೆ ಇಲ್ಲಿನ ದೊಡ್ಡ ಸಂತೆ ಕಾರ್ಬನ್ ಮಾರ್ಕೆಟ್ ಗೊತ್ತೇ ಇರುತ್ತೆ, ಅದರ ವರ್ಣನೆ ಬೇಡ. ನನ್ನ ಮೆಸ್ಸಿಗೆ ಬರುವವರು ಹೆಚ್ಚಾಗಿ ಕರ್ನಾಟಕದಿಂದ ಡಾಕ್ಟರ್ ಓದೋಕೆ ಬಂದ ಹುಡುಗರು. ಸಾರು, ಪಲ್ಯ ದಿನಾ ಆಗಬೇಕು. ತರಕಾರಿಗೇ ತಿಂಗಳಿಗೆ 30,000 ಪೆಸೊ ಹತ್ತಿರ ಹೋಗುತ್ತಿತ್ತು. ಈಗ 25,000ದ ಆಸುಪಾಸಿನಲ್ಲಿದೆ. ಊಟ ಮಾಡುವವರು ಕಡಿಮೆಯಾಗಿಲ್ಲ, ನಾನು ಮಾತಾಡುವ ರೀತಿ ಬದಲಾಗಿದೆ ಅಷ್ಟೇ.

ಶುರುವಿನಲ್ಲಿ ಗಂಟೆಗೆ 400 ಪೆಸೊ ಕೊಟ್ಟು ಟ್ಯೂಷನ್‌ಗೆ ಹೋದೆ. ಅಲ್ಲಿ ಹೇಳಿಕೊಟ್ಟಿದ್ದು ಮನಿಲಾ ಕಡೆಯ ಭಾಷೆ, ತಗಲಾಗ್. ಅಣ್ಣನಿಗೆ ಕುಯಾ, ಎರಡನೇ ಅಣ್ಣನಿಗೆ ದಿಕೋ, ಮೂರನೆಯವನಿಗೆ ಸಾಂಕೋ. ಅಕ್ಕಂದಿರಿಗೆ ಆತೆ, ದಿಚೆ, ಸಾನ್ಸೆ. ಚೀನಾದ ಹೊಕ್ಕಿಯೆನ್ ವ್ಯಾಪಾರಿಗಳಿಂದ ಬಂದ ಪದಗಳಂತೆ. ಚೆನ್ನಾಗಿಯೇ ಇವೆ. ಆದರೆ ಸೆಬುವಿನ ಸಂತೆಯಲ್ಲಿ ಕುಯಾ, ಆತೆ ಬಿಟ್ಟರೆ ಉಳಿದವು ಒಂದು ಕಟ್ಟು ಸೊಪ್ಪಿಗೂ ಆಗಲಿಲ್ಲ. ಎರಡು ತಿಂಗಳ ದುಡ್ಡು ನೀರಿಗೆ ಹೋಯಿತು.

ಆಮೇಲೆ ಸುಮ್ನೆ ನಿಂತು ಕೇಳಿಸಿಕೊಂಡೆ. ಆಗ ಒಂದು ವಿಷಯ ಹೊಳೆಯಿತು. ನಮಗೆ 'ನೀವು' ಇದೆ, 'ರೀ' ಇದೆ. ತಗಲಾಗ್‌ನವರಿಗೆ 'ಪೊ' ಇದೆ, ಮಾತಿನ ಕೊನೆಗೆ ಅದನ್ನು ಸೇರಿಸಿದರೆ ಮರ್ಯಾದೆ ಬಂತು. ಸೆಬುವಿನವರ ಭಾಷೆ ಸೆಬುವಾನೊದಲ್ಲಿ 'ಪೊ' ಇಲ್ಲ. ಮರ್ಯಾದೆಯ ಭಾರವೆಲ್ಲ ನೀವು ಕರೆಯುವ ಸಂಬಂಧದ ಮೇಲೆ ಬೀಳುತ್ತೆ. ಅದನ್ನು ಬಿಟ್ಟು ಎಷ್ಟು ಶುದ್ಧವಾಗಿ ಮಾತಾಡಿದರೂ ಒರಟು. ಅದೊಂದು ಸರಿ ಇದ್ದರೆ ವ್ಯಾಕರಣ ಹೇಗಿದ್ದರೂ ನಡೆಯುತ್ತೆ.

"ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಮ್ಯಾಡಮ್ ಅಂದ್ರೆ ಸಾಕು, ಇದೆಲ್ಲ ಯಾಕೆ ನಿಮಗೆ" ಅಂತ ನನ್ನ ಪಾಲುದಾರರೇ ನಕ್ಕರು. ಮ್ಯಾಡಮ್ ಅಂದರೆ ಉತ್ತರ ಸಿಗುತ್ತೆ, ನಿಜ. ರೇಟು ಮಾತ್ರ ಮ್ಯಾಡಮ್ ರೇಟು.

ನನ್ನ ಲೆಕ್ಕ ಇಷ್ಟು. ನನಗಿಂತ ದೊಡ್ಡ ಹೆಂಗಸಿಗೆ ನಾಂಗ್, ಗಂಡಸಿಗೆ ನೋಂಗ್. ಚಿಕ್ಕ ಹುಡುಗಿಗೆ ದಾಯ್, ಹುಡುಗನಿಗೆ ದೊಂಗ್. ವಯಸ್ಸು ಅಂದಾಜಾಗದಿದ್ದರೆ ಆತೆ ಅಂದುಬಿಡಿ. ಮೂವತ್ತರ ಹೆಂಗಸಿಗೆ ನಾಂಗ್ ಅಂದರೆ ಸೊಪ್ಪಿನ ಜೊತೆ ಮುಖವೂ ಬಾಡುತ್ತೆ. ತೀರಾ ವಯಸ್ಸಾದವರ ವಿಷಯದಲ್ಲಿ ನಮ್ಮ ಹುಡುಗರಿಗೆ ದೊಡ್ಡ ತೊಡಕು. ಅವರನ್ನು ಅಪ್ಪ, ಅಮ್ಮ ಅಂತ ಕರೆಯಬೇಕು, ಇಲ್ಲಿ ಅಪ್ಪನಿಗೆ 'ತಾಯ್', ಅಮ್ಮನಿಗೆ 'ನಾಯ್'! ಮುದುಕಿಯನ್ನು ನಾಯ್ ಅನ್ನೋಕೆ ಕನ್ನಡದವನ ನಾಲಿಗೆ ಏಳುತ್ತಾ? ತಾತಾಯ್, ನಾನಾಯ್ ಅಂತ ಪೂರ್ತಿ ಹೇಳಿ ಅಂದೆ. ಸಮಸ್ಯೆ ಮುಗಿಯಿತು.

ಮೊದಲ ಫಲ ಸಿಕ್ಕಿದ್ದು ನುಗ್ಗೆಸೊಪ್ಪಿನಲ್ಲಿ. ಇಲ್ಲಿ ಅದು ಕಮುಂಗಾಯ್. "ತಾಗ್‌ಪಿಲಾ ನಿ, ನಾಂಗ್?" ಅಂದೆ. ಸೊಪ್ಪು ಮಾರುವಾಕೆ ರೇಟು ಹೇಳಿದರು. "ವಲಾ ನಾಯ್ ಹಂಗ್ಯೊ, ನಾಂಗ್?" ಚೌಕಾಸಿ ಇಲ್ವಾ ಅಕ್ಕಾ ಅಂತ. ಆಕೆ ಮೇಲಿದ್ದ ಕಟ್ಟನ್ನು ನನ್ನ ಕೈಯಿಂದ ವಾಪಸ್ ಕಿತ್ತುಕೊಂಡು, ಒದ್ದೆ ಗೋಣಿಯ ಕೆಳಗಿಂದ ಎಳೆ ಸೊಪ್ಪು ತೆಗೆದುಕೊಟ್ಟರು. ದುಡ್ಡು ಕಡಿಮೆ ಮಾಡಲಿಲ್ಲ, ಸರಕು ಬದಲಾಯಿತು. ಮುಂದಿನ ತಿಂಗಳಿಂದ ದುಡ್ಡೂ ಇಳಿಯಿತು, ಯಾಕೆಂದರೆ ಅಷ್ಟೊತ್ತಿಗೆ ನಾನು ಅವರ ಸುಕಿ, ಕಾಯಂ ಗಿರಾಕಿ. ಈಗ ಅವರು ನನ್ನನ್ನು ದೊಂಗ್ ಅಂತಾರೆ. ನಲವತ್ತು ದಾಟಿದವನಿಗೆ ಇದಕ್ಕಿಂತ ಏನು ಬೇಕು!

ಇದೇ ವಿದ್ಯೆಯನ್ನು ಮನಿಲಾದಲ್ಲೂ ನೋಡೋಣ ಅಂತ ಅಲ್ಲಿನ ದಿವಿಸೋರಿಯಾ ಮಾರ್ಕೆಟ್‌ನಲ್ಲಿ ಪಾತ್ರೆ ಕೊಳ್ಳುವಾಗ ಅಂಗಡಿ ಹುಡುಗಿಗೆ ದಾಯ್ ಅಂದೆ. ಮುಖ ಗಂಟಾಯಿತು. ದಾಯ್ ಅಂದರೆ ಇಂದಾಯ್ ಅನ್ನುವುದರ ಮೊಟಕು. ಸೆಬು ಕಡೆ ಅದು ಪ್ರೀತಿಯ ಕರೆ, ಮನಿಲಾದ ಜೋಕುಗಳಲ್ಲಿ ಇಂದಾಯ್ ಅಂದರೆ ಮನೆಕೆಲಸದವಳು. ಅಲ್ಲಿ ಆತೆ ಮತ್ತು ಪೊ, ಅಷ್ಟೇ ಸಾಕು.

ಜನವರಿಯ ಸಿನುಲೊಗ್ ಹಬ್ಬಕ್ಕೆ ಸೊಪ್ಪಿನ ನಾಂಗ್ ಮನೆಗೆ ಕರೆದಿದ್ದರು. ಅಲ್ಲಿ ದೊಡ್ಡಪ್ಪ, ಸೋದರಮಾವ ಅಂತ ಬೇರೆ ಬೇರೆ ಮಾಡಲು ಹೋಗಬೇಡಿ, ಎಲ್ಲರೂ ಅಂಕಲ್ಲೇ. ಹಾಗಂತ ಸಂಬಂಧಗಳು ಕಡಿಮೆ ಅಂದುಕೊಳ್ಳಬೇಡಿ. ಷಡ್ಡಕನಿಗೂ ಓರಗಿತ್ತಿಗೂ ಸೇರಿ 'ಬಿಲಾಸ್' ಇದೆ. ನಮ್ಮ ಬೀಗರಿಗೆ ತಗಲಾಗ್‌ನಲ್ಲಿ 'ಬಲಾಎ' ಇದೆ. ಇಂಗ್ಲಿಷ್‌ನಲ್ಲಿ ಇದ್ಯಾವುದಕ್ಕೂ ಒಂದೇ ಪದದ ಹೆಸರಿಲ್ಲ, ಅಲ್ವಾ?

ಸರಿಸುಮಾರು ನನ್ನದೇ ವಯಸ್ಸಿನವರನ್ನು ಏನಂತ ಕರೆದು ಸಾಲ ಹೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಬೀದಿಯ ಮೆಸ್ಸಿನವರೂ ಓದುತ್ತಾರೆ. ಹೊಸದಾಗಿ ಬರುವ ಹುಡುಗರಿಗೆ ಉಳಿದದ್ದೆಲ್ಲ ಬಿಟ್ಟಿಯಾಗಿ ಹೇಳಿಕೊಡುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಚೀಲ ಹಿಡಿದು ನನ್ನ ಜೊತೆ ಬರಬೇಕು.