ನಾರ್ವೆಯ ಸಾಲ್ಮನ್ ಪಂಜರದಲ್ಲಿ ಹೇನಿನ ಲೆಕ್ಕ

ಸಾಲ್ಮನ್ ಸಾಕುವುದೆಂದರೆ ಮೂರು ಹೊತ್ತು ಫೀಡ್ ಹಾಕುವ ಕೆಲಸ ಎಂದು ಊರಿನವರು ಅಂದುಕೊಂಡಿರುತ್ತಾರೆ. ಫೀಡ್ ಹಾಕುವುದು ಪಂಜರಗಳ ಬಳಿ ತೇಲುವ ಬಾರ್ಜಿನ ಬ್ಲೋವರ್. ಕಾಳು ಗಾಳಿಯ ಜೊತೆ ಪೈಪಿನಲ್ಲಿ ಬಂದು ಸಮುದ್ರದಲ್ಲಿ ಇಳಿಬಿಟ್ಟ ಬಲೆಯ ಪಂಜರಕ್ಕೆ ಬೀಳುತ್ತದೆ, ನಾವು ಕ್ಯಾಮೆರಾ ನೋಡುತ್ತಿದ್ದು, ತಿನ್ನದ ಕಾಳು ಕೆಳಗಿಳಿಯತೊಡಗಿದರೆ ನಿಲ್ಲಿಸುತ್ತೇವೆ. ಮೀನು ಒಂದು ಕಿಲೋ ಬೆಳೆಯಲು ಸುಮಾರು 1.2 ಕಿಲೋ ಫೀಡ್ ಸಾಕು. ನಮ್ಮನ್ನು ನಿಜಕ್ಕೂ ದುಡಿಸುವುದು ಸಮುದ್ರ ಹೇನು, ಮೀನಿನ ಮೈಗೆ ಅಂಟಿ ಚರ್ಮ ತಿನ್ನುವ ಪುಟ್ಟ ಜೀವಿ.

1970ರಲ್ಲಿ ಹಿತ್ರಾ ದ್ವೀಪದಲ್ಲಿ ಗ್ರೊಂಟ್‌ವೆಡ್ಟ್ ಸಹೋದರರು ಇಳಿಸಿದ ಪಂಜರಗಳಿಂದ ಇಲ್ಲಿ ಈ ಉದ್ಯಮ ಬೇರೂರಿತು. ಚಿಲಿ, ಸ್ಕಾಟ್ಲೆಂಡ್, ಕೆನಡಾ, ಫಾರೋ ದ್ವೀಪಗಳಲ್ಲೂ ಇದೆ. ಬೇಕಾದದ್ದು ತಣ್ಣನೆಯ ನೀರು, ಅಲೆಯ ಹೊಡೆತವಿಲ್ಲದ ಕೊಲ್ಲಿ. ಕಾರವಾರದ ಬೆಚ್ಚನೆಯ ನೀರಿನಲ್ಲಿ ಪಂಜರದ ಸೀಬಾಸ್ ಬೆಳೆಯುತ್ತದೆ, ಸಾಲ್ಮನ್ ಮಾತ್ರ 18 ಡಿಗ್ರಿ ದಾಟಿದರೇ ಮೇವು ಕಡಿಮೆ ಮಾಡುತ್ತದೆ.

ಮೊಟ್ಟೆ 8 ಡಿಗ್ರಿ ಸಿಹಿನೀರಿನಲ್ಲಿ ಸುಮಾರು 60 ದಿನಕ್ಕೆ ಒಡೆಯುತ್ತದೆ. ಮರಿಯನ್ನು ಸಮುದ್ರಕ್ಕೆ ಬಿಡುವ ಮೊದಲು ಆರು ವಾರ 12 ಗಂಟೆ ಬೆಳಕು, 12 ಗಂಟೆ ಕತ್ತಲೆ; ಮತ್ತೆ ಆರು ವಾರ ಇಡೀ ದಿನ ದೀಪ. ಚಳಿಗಾಲ ಕಳೆಯಿತೆಂದು ನಂಬಿದ ಮೀನಿನ ಮೈಪಟ್ಟೆ ಮಾಸಿ ಬೆಳ್ಳಿ ಬಣ್ಣ ಬರುತ್ತದೆ, ಕಿವಿರು ಉಪ್ಪನ್ನು ಹೊರಹಾಕಲು ಸಜ್ಜಾಗುತ್ತದೆ. ಬಣ್ಣವೊಂದನ್ನೇ ನಂಬಬೇಡಿ. ಕೆಲವು ಮೀನನ್ನು 24 ಗಂಟೆ ಉಪ್ಪುನೀರಿನಲ್ಲಿಟ್ಟು ರಕ್ತದ ಕ್ಲೋರೈಡ್ ಅಳೆಯಿರಿ. ಲೀಟರಿಗೆ 150 ಮಿಲಿಮೋಲ್ ದಾಟಿದ್ದರೆ ಆ ಗುಂಪು ಇನ್ನೂ ತಯಾರಿಲ್ಲ. ಅವಸರಕ್ಕೆ ಕಳಿಸಿದರೆ ಪಂಜರದಲ್ಲಿ ಸೊರಗಿ ಸಾಯುತ್ತದೆ.

ಒಂದು ಪಂಜರಕ್ಕೆ 2 ಲಕ್ಷ ಮೀನು, ಘನ ಮೀಟರಿಗೆ 25 ಕಿಲೋ: ಕಾನೂನು ಬಿಡುವುದು ಇಷ್ಟೇ.

ಇನ್ನು ಹೇನು. ನೀರು 4 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ವಾರವಾರವೂ ಎಣಿಸಬೇಕು. ಮೇಲೆ ತೇಲುವ ಬಡಕಲು ಮೀನನ್ನೇ ಕೈಬಲೆಯಲ್ಲಿ ಎತ್ತಿದರೆ ಲೆಕ್ಕ ಸುಳ್ಳಾಗುತ್ತದೆ. ಬಲೆ ಎಳೆದು ಆಳದ ಮೀನನ್ನೂ ತರಬೇಕು. ಅರಿವಳಿಕೆಯ ತೊಟ್ಟಿಯಲ್ಲಿ ಉದುರಿದ ಹೇನನ್ನೂ ಸೇರಿಸಬೇಕು, ಹೊಸಬರು ಮರೆಯುವುದು ಇದನ್ನೇ. ಮೀನಿಗೆ ಸರಾಸರಿ 0.5 ಬಲಿತ ಹೆಣ್ಣು ಹೇನಿನ ಮಿತಿ ದಾಟುವಂತಿಲ್ಲ. ವಸಂತದಲ್ಲಿ ಕಾಡು ಸಾಲ್ಮನ್ ಮರಿಗಳು ನದಿಯಿಂದ ಸಮುದ್ರಕ್ಕೆ ಇಳಿಯುವ ವಾರಗಳಲ್ಲಿ ಮಿತಿ 0.2.

ಔಷಧಕ್ಕೆ ಹೇನು ಜಗ್ಗದಂತಾಗಿರುವುದರಿಂದ ಈಗ ಬಿಸಿನೀರಿನ ಯಂತ್ರ ಬಂದಿದೆ: 28ರಿಂದ 34 ಡಿಗ್ರಿ, ಅರ್ಧ ನಿಮಿಷ. ಅದಕ್ಕೆ ಮೊದಲು ಕೆಲವು ದಿನ ಫೀಡ್ ನಿಲ್ಲಿಸಬೇಕು, ಕಿವಿರು ಎತ್ತಿ ನೋಡಬೇಕು. ಕಿವಿರಿಗೆ ರೋಗವಿದ್ದಾಗ ಯಂತ್ರಕ್ಕೆ ಹಾಕಿದರೆ ಹೇನಿನ ಜೊತೆ ಮೀನೂ ಹೋಗುತ್ತದೆ. ನೀರು 8 ಡಿಗ್ರಿಗಿಂತ ತಣ್ಣಗಿದ್ದಾಗಲೂ ನಾನು ಯಂತ್ರದ ಪರವಲ್ಲ. ಹುರುಪೆ ಕಿತ್ತ ಜಾಗಕ್ಕೆ ಮೊರಿಟೆಲ್ಲಾ ವಿಸ್ಕೋಸಾ ಎಂಬ ಬ್ಯಾಕ್ಟೀರಿಯಾ ಹತ್ತಿ ಹುಣ್ಣಾಗುತ್ತದೆ, ಚಳಿಯಲ್ಲಿ ಅದು ಬೇಗ ಮಾಯುವುದಿಲ್ಲ. ಆಗ ಬಾವಿದೋಣಿಯಲ್ಲಿ (ಒಡಲಲ್ಲಿ ನೀರಿನ ತೊಟ್ಟಿಯಿರುವ, ಜೀವಂತ ಮೀನು ಸಾಗಿಸುವ ಹಡಗು) ಗಂಟೆಗಟ್ಟಲೆ ಸಿಹಿನೀರಿನ ಸ್ನಾನ ಮಾಡಿಸುವುದು ಮೇಲು, ದುಬಾರಿಯಾದರೂ ಸರಿ. ಯಾವ ವಿಧಾನವಾದರೂ ಹೊರಬಿಡುವ ನೀರನ್ನು ಸೋಸಿ ಹೇನು ಹಿಡಿಯಿರಿ. ಇಲ್ಲದಿದ್ದರೆ ದಾರದಂತೆ ಮೊಟ್ಟೆಗಳ ಸಾಲು ಹೊತ್ತ ಹೇನು ಪಕ್ಕದ ಪಂಜರಕ್ಕೆ ಹೋಗುತ್ತದೆ.