ಕೂಗುವವನು ನಿಮ್ಮ ಅಭಿಮಾನಿಯೇ? ಹಾಸ್ಯಪಾತ್ರದ ಹುಡುಗರು ಗುರುತಿಸುವ ಬಗೆ

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಮೊದಲ ಸಲ ಹಾಸ್ಯಪಾತ್ರಕ್ಕೆ ನಿಲ್ಲುವವರಿಗೆ ಇದನ್ನು ಬರೆಯುತ್ತಿದ್ದೇನೆ. ಬನದ ಹುಣ್ಣಿಮೆಯ ಆ ಜಾತ್ರೆಗೆ ಎಷ್ಟೋ ನಾಟಕ ಕಂಪನಿಗಳು ಬಂದು ಠಿಕಾಣಿ ಹೂಡುತ್ತವೆ. ರಾತ್ರಿಯಿಡೀ ಆಟ. ನಿಮ್ಮ ನಾಟಕ ಬೇಡವಾದವನು ಎದ್ದು ಇನ್ನೊಂದಕ್ಕೆ ಹೋಗಬಹುದು. ಆದರೂ 'ಏ, ಸಾಕ್ ಬಿಡೋ, ಒಳಗ ನಡಿ!' ಎಂದು ಕೂಗುವವನು ಕೂತೇ ಇರುತ್ತಾನೆ, ಅಲ್ವಾ?

ಅವನು ಯಾವಾಗ ಕೂಗುತ್ತಾನೆ ಅನ್ನೋದನ್ನು ಗಮನಿಸಿ. ನಿಮ್ಮ ಮಾತು ಮುಗಿದು, ಜನ ನಕ್ಕು, ನಗು ಇಳಿಯುವ ಹೊತ್ತಿಗೆ ಸರಿಯಾಗಿ ಅವನ ಮಾತು ಬಿತ್ತಾ? ಹಾಗಾದರೆ ಅವನು ಒಂದಕ್ಷರ ಬಿಡದೆ ಕೇಳಿದ್ದಾನೆ. ಆ ಟೈಮಿಂಗ್ ಸುಮ್ನೆ ಬರೋದಿಲ್ಲ. ನಿಮ್ಮ ಮಾತಿನ ಮೇಲೇ ಕೂಗಿ, ತಿರುಗಿ ಗೆಳೆಯರ ಮುಖ ನೋಡುವವನಿಗೆ ಬೇಕಾಗಿರೋದು ಅವರ ನಗು. ಅವನಿಗೆ ನಾಟಕ ಬೇಕಿಲ್ಲ.

ಮೊದಲನೆಯವನಿಗೆ ಉತ್ತರ ಕೊಡಿ. ಒಂದು ನಾಟಕದಲ್ಲಿ ನಾನು ಹೆಣ್ಣಿನ ಅಪ್ಪನ ಪಾತ್ರದ ಮುಂದೆ 'ಹುಡುಗ ಭಾಳ ಓದ್ಯಾನ್ರೀ' ಅಂದೆ. ಹಿಂದಿನಿಂದ ಒಬ್ಬ, 'ಏನು, ಗ್ವಾಡಿ ಮ್ಯಾಲಿನ ಪೋಸ್ಟರೇನು?' ಅಂದ. 'ಹೌದಣ್ಣಾ, ನಿನ್ನ ಬಾಜೂಕ ನಿಂತ ಓದ್ಯಾನ, ನಿನಗ ಗೊತ್ತಿರಬೇಕಲ್ಲ!' ಅಂದೆ. ಎಲ್ಲರಿಗಿಂತ ಜಾಸ್ತಿ ನಕ್ಕವನು ಅವನೇ. ಪೇಟಿ (ಹಾರ್ಮೋನಿಯಂ) ಮಾಸ್ತರು ಒಂದು ಸ್ವರ ಎಳೆದರು, ನಾನು ನಾಟಕಕ್ಕೆ ಮರಳಿದೆ. ಮರುದಿನ ಅವನು ಗೆಳೆಯರನ್ನೂ ಕರೆದುಕೊಂಡು ಬಂದಿದ್ದ.

ಉತ್ತರ ಒಂದೇ ಸಾಕು. ಎರಡು, ಮೂರು ಅಂತ ಬೆಳೆಸಿದರೆ ಎದುರಿನ ಪಾತ್ರಧಾರಿ ಸುಮ್ಮನೆ ನಿಂತಿರಬೇಕಾಗುತ್ತದೆ, ಕಥೆ ಸಡಿಲವಾಗುತ್ತದೆ. ಅವನ ಮೈಬಣ್ಣ, ಜಾತಿ, ಪಕ್ಕದಲ್ಲಿ ಕೂತ ಹೆಂಡತಿ, ಇವುಗಳ ತಂಟೆಗೆ ಹೋಗಲೇಬೇಡಿ. ಮೆಚ್ಚಿ ಬಂದವನನ್ನು ಜನರ ಮುಂದೆ ಸಣ್ಣವನನ್ನಾಗಿ ಮಾಡಿದರೆ ಅವನು ಮತ್ತೆ ಬರೋದಿಲ್ಲ.

ಕುಡಿದವನಿಗೆ ಉತ್ತರ ಬೇಡ. ನಟಿಯರಿಗೆ ಕೆಟ್ಟ ಮಾತಾಡುವವನನ್ನಂತೂ ಹಾಸ್ಯದಲ್ಲಿ ತೇಲಿಸಬೇಡಿ. ಆಟ ನಿಲ್ಲಿಸಿ, ಲೈಟ್ ಹಾಕಿಸಿ, ಮ್ಯಾನೇಜರಿಗೆ ಹೇಳಿ ಹೊರಗೆ ಕಳಿಸಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಕೆಲವರು ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಮಾತನ್ನು ಕೂಗಿಬಿಡುತ್ತಾರೆ. ಸಿಟ್ಟಾಗಬೇಡಿ, ಅವರಿಗೆ ಅದು ಬಾಯಿಪಾಠವಾಗಿದೆ. ಅವತ್ತು ಆ ಮಾತನ್ನು ಅವರಿಗೇ ಬಿಟ್ಟುಕೊಡಿ. ಮರುದಿನದ ಆಟಕ್ಕೆ ಹೊಸದೊಂದು ಕಟ್ಟಿಕೊಂಡು ಹೋಗಿ.