ಮೀನಿನ ಪೆಟ್ಟಿಗೆಯಿಂದ ಧ್ರುವದ ಕಡಲಿಗೆ

ಧ್ರುವದ ಕಡಲಿಗೆ ಇಳಿಯುವ ಮೊದಲು ನಮ್ಮ ರೆಕಾರ್ಡರ್ ಮಲ್ಪೆಯಲ್ಲಿ ಮೂರು ದಿನ ಮೀನಿನ ಪೆಟ್ಟಿಗೆಯೊಳಗೆ ಮಲಗಿತ್ತು. ಉಪ್ಪುನೀರು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿಯಲ್ಲಿ. ಮನೆಯ ಫ್ರಿಜ್ಜಿನಲ್ಲಿ ಅಷ್ಟು ಚಳಿ ಇಲ್ಲ, ಫ್ರೀಜರಿನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಬಂದರಿನ ಐಸ್ ಪ್ಲಾಂಟಿನಿಂದ ಐಸ್ ತಂದು ಪುಡಿ ಮಾಡಿ ಉಪ್ಪು ಬೆರೆಸುವ ಉಪಾಯ ಹೇಳಿದ್ದು ನಮ್ಮ ಮಾವ. ಮೊದಲ ಸಲ ಉಪ್ಪು ಹೆಚ್ಚಾಗಿ ಥರ್ಮಾಮೀಟರ್ ಮೈನಸ್ 6ಕ್ಕೆ ಇಳಿಯಿತು. ಒಂದಿಷ್ಟು ನೀರು ಸುರಿದೆವು, ಇನ್ನಷ್ಟು ಐಸ್ ಹಾಕಿದೆವು. ಮೈನಸ್ 2ಕ್ಕೆ ಬಂದು ನಿಂತಿತು. ರಾತ್ರಿ ಎರಡು ಸಲ ಎದ್ದು ಹೋಗಿ ಐಸ್ ತುಂಬಿಸುತ್ತಿದ್ದೆ.

ನಮ್ಮ ಕೆಲಸ ಇಷ್ಟು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಒಂದು ಫ್ಯೋರ್ಡಿನಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ತೋಳಿನಲ್ಲಿ, ಒಂದು ಹೈಡ್ರೋಫೋನ್ (ನೀರೊಳಗಿನ ಮೈಕ್) ಇಳಿಸಿ ವರ್ಷವಿಡೀ ನೀರೊಳಗಿನ ಸದ್ದು ಹಿಡಿಯುವುದು. ಜಾಗ ಇರುವುದು 79 ಡಿಗ್ರಿ ಉತ್ತರದಲ್ಲಿ. ಅಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಉಂಟು. 2014ರಲ್ಲಿ ಅಲ್ಲಿನ ಕಾಂಗ್ಸ್‌ಫ್ಯೋರ್ಡೆನ್ ನೀರಿನಲ್ಲಿ ಇಂಡ್‌ಆರ್ಕ್ ಎಂಬ ನಮ್ಮ ದೇಶದ ದೊಡ್ಡ ಉಪಕರಣ ಸರಪಳಿಯನ್ನೂ ಇಳಿಸಿದ್ದಾರೆ. ನಮ್ಮದು ಅದಕ್ಕಿಂತ ತುಂಬಾ ಸಣ್ಣದು. ಆದರೆ ಕಷ್ಟ ಎಲ್ಲರಿಗೂ ಒಂದೇ. ಮುಳುಗಿಸಿ ಬಂದ ಮೇಲೆ ಮತ್ತೆ ಮುಟ್ಟುವುದು ಮುಂದಿನ ಬೇಸಿಗೆಗೆ. ಒಂದು ಸ್ಕ್ರೂ ಸಡಿಲವಾದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ನನಗೆ ಈ ಹುಚ್ಚು ಹಿಡಿದದ್ದು ಸುರತ್ಕಲ್‌ನಲ್ಲಿ ಓದುವಾಗ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯವರು ಅಂಟಾರ್ಕ್ಟಿಕಾದಲ್ಲಿ ಪಾಲಾವೋವಾ ಎಂಬ ಕೇಳುಗ ಕೇಂದ್ರ ಮಾಡಿದ್ದರು. ಸುಮಾರು 100 ಮೀಟರ್ ದಪ್ಪದ ಹಿಮದ ಹಾಸಿಗೆ ತೂತು ಕೊರೆದು, ಕೆಳಗಿನ ಕಡಲಿಗೆ ಹೈಡ್ರೋಫೋನ್ ಇಳಿಸಿದ್ದರು. ಆ ಸದ್ದನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ಬಿಡುತ್ತಿದ್ದರು. ಹಾಸ್ಟೆಲಿನ ಹೊರಗೆ ಜಡಿಮಳೆ, ಕಿವಿಯಲ್ಲಿ ಸೀಲ್‌ಗಳ ಸಿಳ್ಳೆ. ಎಷ್ಟೋ ರಾತ್ರಿ ಹಾಗೇ ನಿದ್ದೆ ಹೋಗಿದ್ದೇನೆ.

ಐಸ್ ಪೆಟ್ಟಿಗೆಯಲ್ಲಿ ಮೊದಲು ಸಿಕ್ಕಿಬಿದ್ದದ್ದು ಗಡಿಯಾರ. ಮೂರು ದಿನಕ್ಕೆ 6 ಸೆಕೆಂಡ್ ಹಿಂದೆ ಬಿದ್ದಿತ್ತು. ಕೈಗಡಿಯಾರದಲ್ಲಿ ಇರುವಂಥ ಸಾದಾ ಕ್ವಾರ್ಟ್ಜ್ ಹರಳು 25 ಡಿಗ್ರಿಯ ಹತ್ತಿರ ಸರಿಯಾಗಿ ನಡೆಯುತ್ತದೆ, ಚಳಿಗೆ ನಿಧಾನವಾಗುತ್ತದೆ. ದಿನಕ್ಕೆ 2 ಸೆಕೆಂಡ್ ಅಂದರೆ ವರ್ಷಕ್ಕೆ 12 ನಿಮಿಷ. ಎರಡು ಮೂರು ರೆಕಾರ್ಡರ್ ಇಟ್ಟು, ಯಾವುದಕ್ಕೆ ಸದ್ದು ಮೊದಲು ಮುಟ್ಟಿತು ಅಂತ ನೋಡಿ ತಿಮಿಂಗಿಲ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ತಣ್ಣೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1440 ಮೀಟರ್ ಓಡುತ್ತದೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ತಿಮಿಂಗಿಲ ಒಂದೂವರೆ ಕಿಲೋಮೀಟರಿನಷ್ಟು ಆಚೀಚೆ ಆಗಬಹುದು! ಬಿಸಿ ತಂಪು ನೋಡಿಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳುವ ಹರಳು ಹಾಕಿ, ಮತ್ತೆ ಮೂರು ದಿನ ಐಸಿನಲ್ಲಿಟ್ಟೆ. ಸಾದಾ ಸೆಲ್‌ಗಳೂ ಚಳಿಗೆ ಬೇಗ ಸುಸ್ತಾದವು. ಲಿಥಿಯಂ ಸೆಲ್ ಹಾಕಿದೆವು.

ಎರಡನೆಯ ಪಾಠ ಸೇಂಟ್ ಮೇರೀಸ್ ದ್ವೀಪದ ಆಚೆಗೆ. ಮಾವನ ದೋಣಿಯಲ್ಲಿ ಹೋಗಿ ಸಂಜೆ ರೆಕಾರ್ಡರ್ ಇಳಿಸಿ, ಬೆಳಿಗ್ಗೆ ಎತ್ತಿದೆವು. ಕಿವಿಗೆ ಹಾಕಿದರೆ ಎಲ್ಲಕ್ಕಿಂತ ಮೇಲೆ ಒಂದೇ ಸದ್ದು. ಟಿಂಗ್. ಆರೇಳು ಸೆಕೆಂಡ್ ಬಿಟ್ಟು ಮತ್ತೆ ಟಿಂಗ್. ಸರ್ಕ್ಯೂಟಿನ ದೋಷ ಅಂದುಕೊಂಡು ಎರಡು ದಿನ ಬಿಚ್ಚಿ ಜೋಡಿಸಿದೆ. ಏನೂ ಸಿಗಲಿಲ್ಲ. ಕೊನೆಗೆ ಮಾವನಿಗೆ ಹೆಡ್‌ಫೋನ್ ಕೊಟ್ಟೆ. ಅವರು ಹಳಬರು. ಎಂಜಿನ್ ನಿಲ್ಲಿಸಿ, ಹುಟ್ಟಿನ ತುದಿ ನೀರಿಗೆ ಇಳಿಸಿ ಹಿಡಿಗೆ ಕಿವಿ ಕೊಟ್ಟು ಮೀನು ಕೇಳಿದವರು. ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿದರು.

"ಇದು ಅಲೆಯ ಲೆಕ್ಕ ಮಾರಾಯ. ನಿನ್ನ ಕಬ್ಬಿಣ ಕಬ್ಬಿಣಕ್ಕೆ ತಾಗ್ತಾ ಉಂಟು" ಅಂದರು.

ಹೌದು. ಮೇಲಿನ ತೇಲುಬುರುಡೆ ಅಲೆಗೆ ಏರಿ ಇಳಿದಾಗಲೆಲ್ಲ ಶ್ಯಾಕಲ್, ಅಂದರೆ ಹಗ್ಗ ಜೋಡಿಸುವ ಕಬ್ಬಿಣದ ಕೊಂಡಿ, ಅದರ ಪಿನ್ನಿಗೆ ಬಡಿಯುತ್ತಿತ್ತು. ನೀರೊಳಗೆ ಅಷ್ಟು ಸಣ್ಣ ಸದ್ದೂ ದೊಡ್ಡದೇ. ಹಳೆಯ ಟಯರ್ ಟ್ಯೂಬ್ ಕತ್ತರಿಸಿ ಪ್ರತಿ ಶ್ಯಾಕಲ್ಲಿಗೂ ಬಿಗಿಯಾಗಿ ಸುತ್ತಿದೆವು. ಆಗದ ಕಡೆ ಕಬ್ಬಿಣವನ್ನೇ ತೆಗೆದು ನೈಲಾನ್ ಹಗ್ಗ ಕಟ್ಟಿದೆವು. ಆಮೇಲೆ ಹಗ್ಗದ ಸರದಿ. ನೀರಿನ ಸೆಳೆತಕ್ಕೆ ಬಿಗಿದ ಹಗ್ಗ ತಂತಿಯ ಹಾಗೆ ಗುಂಯ್ ಅನ್ನುತ್ತದೆ. ಫಿನ್ ತಿಮಿಂಗಿಲ ಕೂಗುವುದು 20 ಹರ್ಟ್ಜ್ ಸುತ್ತಮುತ್ತ. ಹಗ್ಗದ ಗುಂಯ್ ಅದರ ಮೇಲೆಯೇ ಬಂದು ಕೂರುತ್ತದೆ. ದಪ್ಪ ಹಗ್ಗದ ಮೇಲೆ ತೆಳು ಹಗ್ಗವನ್ನು ಸುರುಳಿಯಾಗಿ ಸುತ್ತಿದರೆ ನೀರಿನ ಸುಳಿ ಒಡೆದು ನಡುಕ ಕಡಿಮೆಯಾಗುತ್ತದೆ. ಅಷ್ಟೂ ಉದ್ದ ಮಾವ ಮತ್ತು ನಾನು ಪಡುಕೆರೆಯ ಅಂಗಳದಲ್ಲಿ ಕೂತು ಕೈಯಲ್ಲೇ ಸುತ್ತಿದೆವು. ಕಡಲಿನ ಸದ್ದು ಕೇಳುವ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ, ನಮ್ಮ ಸಾಮಾನನ್ನು ಸುಮ್ಮನಾಗಿಸುವುದು.

ಎಷ್ಟು ಹೊತ್ತು ರೆಕಾರ್ಡ್ ಮಾಡಬೇಕು ಅನ್ನುವುದೂ ಮೊದಲೇ ತೀರ್ಮಾನ ಆಗಬೇಕು. ಸೆಕೆಂಡಿಗೆ 48,000 ಮಾದರಿ, ಒಂದೊಂದಕ್ಕೆ 16 ಬಿಟ್ ಅಂದರೆ ದಿನಕ್ಕೆ 8 ಜಿಬಿ ದಾಟುತ್ತದೆ. ಬ್ಯಾಟರಿಯೂ ಅಷ್ಟು ದಿನ ಬಾರದು. ಗಂಟೆಗೆ 5 ನಿಮಿಷ ಅಂತ ಇಟ್ಟೆವು. ವರ್ಷಕ್ಕೆ 252 ಜಿಬಿ. ಉಳಿದ 55 ನಿಮಿಷದಲ್ಲಿ ಏನು ಕೂಗಿತೋ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಳಿಸುವ ದಿನದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಮೊದಲು ತೇಲುಬುರುಡೆ, ಆಮೇಲೆ ರೆಕಾರ್ಡರ್, ಕೊನೆಗೆ ಭಾರ. ಹತ್ತು ನಿಮಿಷದಲ್ಲಿ ಮುಗಿಯಿತು. ಭಾರವನ್ನು ಹಿಡಿದಿರುವ ಕೊಕ್ಕೆ ಮಾತ್ರ ವಿಶೇಷ. ಮುಂದಿನ ವರ್ಷ ದೋಣಿಯಿಂದ ಒಂದು ಗುಟ್ಟಿನ ಸದ್ದು ಕಳಿಸಿದರೆ ಅದು ಬಾಯಿ ಬಿಡಬೇಕು. ಭಾರ ತಳದಲ್ಲೇ ಉಳಿದು ಮಿಕ್ಕದ್ದು ಮೇಲೆ ಬರಬೇಕು. ಮರುವರ್ಷ ಮೊದಲ ಸಲ ಕಳಿಸಿದಾಗ ಉತ್ತರ ಇಲ್ಲ. ಎರಡನೆಯ ಸಲವೂ ಇಲ್ಲ. ದೋಣಿ ಸ್ವಲ್ಪ ಸರಿಸಿ ಮೂರನೆಯ ಸಲ ಕಳಿಸಿದೆವು. ಹಳದಿ ಬುರುಡೆ ಬೂದು ನೀರಿನ ಮೇಲೆ ಪುಳಕ್ಕನೆ ಎದ್ದಾಗ ನನ್ನ ಕಣ್ಣಲ್ಲಿ ನೀರು ಬಂತು.

ಉಡುಪಿಗೆ ಬಂದು ಕೇಳತೊಡಗಿದಾಗ ಮೊದಲು ಸಿಕ್ಕಿದ್ದು ಚಟಪಟ ಸದ್ದು. ನನಗೆ ಗಾಬರಿಯಾಯಿತು. ಮಲ್ಪೆಯ ಬಂಡೆಗಳ ಹತ್ತಿರ ಇಂಥದ್ದೇ ಸದ್ದು, ಸಾಸಿವೆ ಸಿಡಿದ ಹಾಗೆ. ಅದು ಒಂದು ಸಣ್ಣ ಜಾತಿಯ ಎಟ್ಟಿಯದು, ಅಂದರೆ ಸಿಗಡಿಯದು. ತನ್ನ ಚಿಮಟವನ್ನು ಎಷ್ಟು ಜೋರಾಗಿ ಮುಚ್ಚುತ್ತದೆ ಅಂದರೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ. ಆದರೆ 79 ಡಿಗ್ರಿಯಲ್ಲಿ ಆ ಎಟ್ಟಿ ಎಲ್ಲಿಂದ ಬರಬೇಕು? ಸದ್ದಿನ ಚಿತ್ರ ಬಿಡಿಸಿ ನೋಡಿದೆ. ಎಟ್ಟಿಯ ಸದ್ದು 20 ಕಿಲೋಹರ್ಟ್ಜ್ ಆಚೆಗೂ ಹರಡುತ್ತದೆ. ಇದರ ಬಲ ಇದ್ದದ್ದು 1ರಿಂದ 3 ಕಿಲೋಹರ್ಟ್ಜ್ ನಡುವೆ. ಹಿಮನದಿಯಿಂದ ಕಳಚಿ ಬಿದ್ದ ಐಸ್ ಕರಗುವ ಸದ್ದು ಅದು. ಎಷ್ಟೋ ಕಾಲದ ಹಿಂದೆ ಹಿಮದ ಭಾರಕ್ಕೆ ಒತ್ತಿ ಸಿಕ್ಕಿಕೊಂಡ ಗಾಳಿ, ಐಸ್ ತೆಳುವಾದಾಗ ಪಟ್ಟನೆ ನೀರಿಗೆ ಹಾರುತ್ತದೆ. ಹಿಮನದಿ ಬಂದು ಸೇರುವ ಫ್ಯೋರ್ಡುಗಳು ಕಡಲಿನಲ್ಲೇ ಅತಿ ಗದ್ದಲದ ಜಾಗಗಳು. ಹಿಮನದಿ ಹಿಂದೆ ಸರಿದು ನೆಲಕ್ಕೆ ಹೋದರೆ ಆ ಗದ್ದಲವೂ ನಿಲ್ಲುತ್ತದೆ. ಅದಕ್ಕೇ ಈಗಲೇ ಹಿಡಿದಿಡಬೇಕು ಅಂತ ನನ್ನ ಹಟ.

ಏಪ್ರಿಲ್ ಹೊತ್ತಿಗೆ ಗಡ್ಡದ ಸೀಲ್ ಗಂಡುಗಳು ಶುರು ಮಾಡಿದವು. ಎತ್ತರದಲ್ಲಿ ಶುರುವಾಗಿ, ನಡುಗುತ್ತ ನಡುಗುತ್ತ ಕೆಳಗಿಳಿಯುವ ಒಂದು ಉದ್ದ ಸಿಳ್ಳೆ. ಮುಗಿಯಿತು ಅಂದುಕೊಂಡರೂ ಮುಗಿಯುವುದಿಲ್ಲ. ಒಂದು ಇಳಿಯುವಾಗ ದೂರದಲ್ಲಿ ಇನ್ನೊಂದು ಶುರು.

ಇದನ್ನು ಕೇಳಿಸಲೇಬೇಕು ಅಂತ ಮಾವನ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಮಳೆಗಾಲದ ಮೀನುಗಾರಿಕೆ ನಿಷೇಧದ ಸಮಯ, ಬೋಟುಗಳೆಲ್ಲ ಬಂದರಿನಲ್ಲಿ. ಸೀಲ್ ಕೇಳಿ ನಕ್ಕರು. "ಚಂದ ಉಂಟು" ಅಂದರು. ಜುಲೈ ತಿಂಗಳ ಇನ್ನೊಂದು ತುಣುಕು ಹಾಕಿದೆ. ಐಸಿನ ಚಟಪಟ ಮಾತ್ರ ಇದೆ ಅಂತ ನಾನು ಗುರುತು ಹಾಕಿಟ್ಟದ್ದು ಅದು. ಮಾವ ಕೈ ಎತ್ತಿ ನಿಲ್ಲಿಸಲು ಹೇಳಿದರು.

"ಅಡಿಯಲ್ಲಿ ಎಂಜಿನ್ ಉಂಟಲ್ಲ. ಒಂದಲ್ಲ, ಎರಡು. ಎರಡೂ ಒಂದೇ ವೇಗದಲ್ಲಿ ಇಲ್ಲ."

ನನಗೆ ಕೇಳಲಿಲ್ಲ. ಮನೆಗೆ ಬಂದು ಮೇಲಿನ ಸದ್ದನ್ನೆಲ್ಲ ಸೋಸಿ ತೆಗೆದು ನೋಡಿದೆ. ಕೆಳಗೆ ಎರಡು ತೆಳು ಗೆರೆ, ಒಂದರ ಪಕ್ಕ ಒಂದು. ಬೇಸಿಗೆಯಲ್ಲಿ ಆ ಫ್ಯೋರ್ಡಿಗೆ ಪ್ರವಾಸಿ ಹಡಗುಗಳು ಬರುತ್ತವೆ. ಮುಂದಿನ ಗಂಟೆಯ ತುಣುಕಿನಲ್ಲೂ ಅದೇ ಗೆರೆ ಇತ್ತು, ಅದರ ಮುಂದಿನದರಲ್ಲೂ. ಹಡಗಿಲ್ಲ ಅಂತ ಬರೆದಿಟ್ಟ ಜುಲೈ, ಆಗಸ್ಟಿನ ತುಣುಕುಗಳನ್ನೆಲ್ಲ ಮೊದಲಿಂದ ಮತ್ತೆ ಕೇಳುತ್ತಿದ್ದೇನೆ. ಭಾನುವಾರಗಳಲ್ಲಿ ಮಾವ ಜೊತೆಗೆ ಕೂರುತ್ತಾರೆ.